ಪರದೇಶಿಗಳ ಊರು

ಬೆಂಗಳೂರಿನಿಂದ ರಾತ್ರಿ ಹೊತ್ತು ಕೇರಳದ ಕಡೆಗೆ ಹೊರಡುವ ಒಂದು ರೈಲಿಗೆ ಐಲೆಂಡ್ ಎಕ್ಸ್‌ಪ್ರೆಸ್ ಎಂದು ಹೆಸರು. ಇಂದು ಅದು ಕನ್ಯಾಕುಮಾರಿಯವರೆಗೆ ಹೋಗುತ್ತದೆ. ಕನ್ಯಾಕುಮಾರಿ ದ್ವೀಪವಲ್ಲ, ದಾರಿಯಲ್ಲಿ ಅದು ನಿಲ್ಲುವ ಊರುಗಳೂ ದ್ವೀಪಗಳಲ್ಲ. ಹಾಗಾದರೆ ಈ ಹೆಸರು ಹೇಗೆ ಬಂತು? ಹಿಂದೊಂದು ಕಾಲದಲ್ಲಿ ಆ ರೈಲಿನ ಕೊನೆಯ ನಿಲ್ದಾಣ ಕೊಚ್ಚಿಯ ಹಿನ್ನೀರಿನ ನಡುವೆ ಇರುವ ವಿಲ್ಲಿಂಗ್ಡನ್ ದ್ವೀಪದಲ್ಲಿತ್ತು. ಆ ದ್ವೀಪವಾದರೂ ದೇವರು ಮಾಡಿದ್ದಲ್ಲ. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರು ಬಂದರನ್ನು ಆಳ ಮಾಡಿಸುವಾಗ ಮೇಲೆತ್ತಿದ ಹೂಳನ್ನು ಸುರಿದು, ಬಹುಪಾಲು ಮನುಷ್ಯರೇ ನೀರಿನಿಂದ ಎಬ್ಬಿಸಿದ ನೆಲ ಅದು. ರೈಲು ದ್ವೀಪವನ್ನು ಬಿಟ್ಟು ಎಷ್ಟೋ ಕಾಲವಾಯಿತು. ಹೆಸರು ಮಾತ್ರ ರೈಲನ್ನು ಬಿಟ್ಟಿಲ್ಲ. ಕೊಚ್ಚಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕುಳಿತಾಗ ನನಗೆ ಮೊದಲು ನೆನಪಾದದ್ದು ಇದು. ವಸ್ತು ಹೋದ ಮೇಲೂ ಹೆಸರು ಉಳಿಯುವ ಊರು ಅದು.

ನಾನು ಅಲ್ಲಿಗೆ ಮೊದಲ ಸಲ ಹೋದದ್ದು 1983ರಲ್ಲಿ. ಆಗ ನಾನು ಹೊಸದಾಗಿ ಅಧ್ಯಾಪಕನಾಗಿದ್ದೆ. ಎರ್ನಾಕುಲಂನಲ್ಲಿ ಇಳಿದು, ದಕ್ಕೆಯಲ್ಲಿ ದೋಣಿ ಹತ್ತಿ ಮಟ್ಟಾಂಚೇರಿಯ ಕಡೆಗೆ ಹೊರಟೆ. ಬಲಕ್ಕೆ ಸಮುದ್ರ ಒಳನುಗ್ಗುವ ಬಾಯಿ, ಎಡಕ್ಕೆ ಹಡಗುಗಳು, ಎದುರಿಗೆ ಕೆಂಪು ಹೆಂಚಿನ ಹಳೆಯ ಮಳಿಗೆಗಳ ಸಾಲು. ದೋಣಿ ದಡ ಸೇರುವ ಮೊದಲೇ ಒಣಶುಂಠಿ ಮತ್ತು ಮೆಣಸಿನ ವಾಸನೆ ಬಂದು ಮುಟ್ಟಿತು. 1341ರಲ್ಲಿ ಪೆರಿಯಾರ್ ನದಿಗೆ ಮಹಾಪೂರ ಬಂದು, ಕೊಡುಂಗಲ್ಲೂರಿನ ಪ್ರಾಚೀನ ಬಂದರು ಹೂಳಿನಲ್ಲಿ ಮುಚ್ಚಿತು, ದಕ್ಷಿಣಕ್ಕೆ ಕೊಚ್ಚಿಯ ಬಾಯಿ ತೆರೆಯಿತು ಎಂದು ಇತಿಹಾಸಕಾರರು ಹೇಳುತ್ತಾರೆ. ಒಂದು ಊರಿನ ಕೇಡು ಇನ್ನೊಂದು ಊರಿನ ಹುಟ್ಟಾಯಿತು. ಹಡಗುಗಳು ಈ ಬಾಯಿಯನ್ನು ಹುಡುಕಿ ಬಂದವು. ಅವುಗಳ ಹಿಂದೆ ಭಾಷೆಗಳು ಬಂದವು, ದೇವರುಗಳೂ ಬಂದರು.

ಇಂಥ ಊರುಗಳ ವಿಷಯ ಬರೆಯುವಾಗ ನಾವು ಸಲೀಸಾಗಿ ‘ಸಂಸ್ಕೃತಿಗಳ ಸಂಗಮ’ ಎಂಬ ಮಾತನ್ನು ಬಳಸುತ್ತೇವೆ. ನಾನೂ ತರಗತಿಗಳಲ್ಲಿ ಅದನ್ನು ಎಷ್ಟೋ ಸಲ ಬಳಸಿದ್ದೇನೆ. ಆದರೆ ಸಂಗಮವೆಂದರೇನು? ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ಸೇರಿದ ಮೇಲೆ ಅವಳ ಹೆಸರಿಲ್ಲ. ಕೊಚ್ಚಿಯಲ್ಲಿ ನಡೆದದ್ದು ಇದಲ್ಲ. ಅದಕ್ಕೆ ಸರಿಯಾದ ಮಾತು ನಮ್ಮ ಕರಾವಳಿಯ ಆಡುನುಡಿಯಲ್ಲಿದೆ: ಅಳಿವೆ. ಅಳಿವೆಯಲ್ಲಿ ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ಒಂದನ್ನೊಂದು ತಳ್ಳುತ್ತ, ಒಂದರೊಳಗೊಂದು ನುಗ್ಗುತ್ತ, ಹಿಂದೆ ಸರಿಯುತ್ತ ಇರುತ್ತವೆ. ಮಳೆಗಾಲದಲ್ಲಿ ಒಂದರ ಮೇಲುಗೈ, ಬೇಸಿಗೆಯಲ್ಲಿ ಇನ್ನೊಂದರದು. ಯಾವುದೂ ತನ್ನ ಗುಣವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಈ ನಗರವನ್ನು ಸಂಗಮವೆಂದು ನೋಡಿದರೆ ಅದರ ಚೆಲುವು ಮಾತ್ರ ಕಾಣುತ್ತದೆ. ಅಳಿವೆಯೆಂದು ನೋಡಿದರೆ ಅದರ ತಿಕ್ಕಾಟವೂ ಕಾಣುತ್ತದೆ.

ಬಂದವರ ಪಟ್ಟಿಯನ್ನು ಒಮ್ಮೆ ನೋಡೋಣ. ಹದಿನೈದನೆಯ ಶತಮಾನದ ಆರಂಭದಲ್ಲಿ ಚೀನಾದ ನೌಕಾಧಿಪತಿ ಝೆಂಗ್ ಹೆ ಎಂಬಾತನ ಹಡಗುಗಳು ಈ ಕರಾವಳಿಗೆ ಬಂದವು; ಅವನೊಡನಿದ್ದ ಮಾ ಹುವಾನ್ ಎಂಬ ದುಭಾಷಿ ಕೊಚ್ಚಿಯ ಜನರನ್ನೂ ವ್ಯಾಪಾರವನ್ನೂ ಬಣ್ಣಿಸಿದ್ದಾನೆ. 1500ರಲ್ಲಿ ಪೋರ್ಚುಗೀಸರ ಕಬ್ರಾಲ್ ಬಂದ. 1503ರಲ್ಲಿ ಅವರು ಕೋಟೆ ಕಟ್ಟಿದರು. 1524ರ ಕ್ರಿಸ್ಮಸ್ಸಿನ ಹಿಂದಿನ ದಿನ ವಾಸ್ಕೋ ಡ ಗಾಮ ತೀರಿಕೊಂಡದ್ದು ಇಲ್ಲಿಯೇ. 1663ರಲ್ಲಿ ಡಚ್ಚರು ಪೋರ್ಚುಗೀಸರನ್ನು ಹೊರಗಟ್ಟಿದರು. 1795ರಲ್ಲಿ ಇಂಗ್ಲಿಷರು ಡಚ್ಚರನ್ನು. ಗಾಮನನ್ನು ಮೊದಲು ಹೂಳಿದ ಸಂತ ಫ್ರಾನ್ಸಿಸ್ ಚರ್ಚು ಈ ಎಲ್ಲ ಯಜಮಾನಿಕೆಗಳನ್ನೂ ಕಂಡಿದೆ. ಪೋರ್ಚುಗೀಸ್ ಕ್ಯಾಥೊಲಿಕರದಾಗಿದ್ದದ್ದು ಡಚ್ ಪ್ರಾಟೆಸ್ಟಂಟರದಾಯಿತು, ಆಮೇಲೆ ಆಂಗ್ಲಿಕನ್ನರದಾಯಿತು, ಇಂದು ದಕ್ಷಿಣ ಭಾರತ ಸಭೆಗೆ ಸೇರಿದೆ. ಗಾಮನ ಎಲುಬುಗಳನ್ನು ಅವನ ಜನ ಎಂದೋ ಪೋರ್ಚುಗಲ್ಲಿಗೆ ಒಯ್ದರು. ಇಲ್ಲಿ ಉಳಿದಿರುವುದು ಅವನ ಕಲ್ಲು.

ಈ ಊರಿನ ಹೆಸರುಗಳನ್ನು ನಂಬಿ ನಡೆದರೆ ದಾರಿ ತಪ್ಪುತ್ತದೆ. ದಡದಲ್ಲಿ ದೊಡ್ಡ ಜೇಡಗಳಂತೆ ಬಾಗಿ ನಿಂತ ‘ಚೀನೀ ಬಲೆ’ಗಳನ್ನು ಏಳಿಸಿ ಇಳಿಸುವವರು ಮಲಯಾಳಿ ಬೆಸ್ತರು. ಕಲ್ಲುಗಳ ಭಾರದಿಂದ ತೂಗುವ ಆ ಬಲೆಗಳನ್ನು ಚೀನರೇ ತಂದರೋ, ಮಕಾವಿನಿಂದ ಪೋರ್ಚುಗೀಸರು ತಂದರೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಮಟ್ಟಾಂಚೇರಿಯ ‘ಡಚ್ ಅರಮನೆ’ಯನ್ನು ಕಟ್ಟಿದವರು ಡಚ್ಚರಲ್ಲ, 1555ರ ಸುಮಾರಿಗೆ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ರಾಜನಿಗೆ ಕಾಣಿಕೆ ಕೊಟ್ಟದ್ದು. ಡಚ್ಚರು ದುರಸ್ತಿ ಮಾಡಿಸಿದರು, ಹೆಸರು ಹೊಡೆದುಕೊಂಡರು. ಒಳಗೆ ನಡುವಂಗಳದ ಕೇರಳದ ಮನೆ, ಗೋಡೆಗಳ ಮೇಲೆ ರಾಮಾಯಣದ ಚಿತ್ರಗಳು. ಅರಮನೆಯ ಮಗ್ಗುಲಲ್ಲೇ, ರಾಜನು ಕೊಟ್ಟ ನೆಲದಲ್ಲಿ 1568ರಲ್ಲಿ ಎದ್ದ ಯಹೂದಿಗಳ ಪ್ರಾರ್ಥನಾ ಮಂದಿರ. ಅದರ ಹೆಸರು ಪರದೇಶಿ ಸಿನಗಾಗ್. ನಾಲ್ಕೂವರೆ ಶತಮಾನ ನಿಂತ ಕಟ್ಟಡಕ್ಕೆ ಇನ್ನೂ ಪರದೇಶಿ ಎಂದೇ ಹೆಸರು!

ಈ ಪರದೇಶಿಗಳು ಯಾರು? ಕೇರಳದಲ್ಲಿ ಯಹೂದಿಗಳು ಬಹು ಹಿಂದಿನಿಂದ ಇದ್ದರು. ಕ್ರಿ.ಶ. 1000ದ ಸುಮಾರಿನಲ್ಲಿ ಭಾಸ್ಕರ ರವಿ ಎಂಬ ಅರಸ ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ಹಕ್ಕುಬಾಧ್ಯತೆಗಳನ್ನು ಕೊಟ್ಟ ತಾಮ್ರಪಟವಿದೆ. ಇವರಿಗೆ ಮಲಬಾರಿ ಯಹೂದಿಗಳೆಂದು ಹೆಸರು. ಹದಿನಾರನೆಯ ಶತಮಾನದಲ್ಲಿ ಸ್ಪೇನ್ ಮುಂತಾದ ದೇಶಗಳಿಂದ ಓಡಿಬಂದವರು ಪರದೇಶಿ ಯಹೂದಿಗಳೆನಿಸಿಕೊಂಡರು. ಅದೇ ಕಾಲದಲ್ಲಿ, ಗೋವೆಯಲ್ಲಿ ಪೋರ್ಚುಗೀಸರ ಧಾರ್ಮಿಕ ಪೀಡೆಗೆ ಅಂಜಿ ಬಂದ ಕೊಂಕಣಿಗರೂ ಇದೇ ರಾಜನ ಆಶ್ರಯ ಬೇಡಿದರು. ಅರಮನೆಯಿಂದ ನಡೆದುಹೋಗುವಷ್ಟು ದೂರದಲ್ಲೇ ಅವರ ತಿರುಮಲ ದೇವಸ್ವಂ ದೇವಾಲಯವಿದೆ. ಪೋರ್ಚುಗೀಸರಿಂದ ತಪ್ಪಿಸಿಕೊಂಡ ಎರಡು ಜನಾಂಗಗಳು ಪೋರ್ಚುಗೀಸರೇ ಕಟ್ಟಿಸಿಕೊಟ್ಟ ಅರಮನೆಯ ನೆರಳಿನಲ್ಲಿ ನೆಲೆಸಿದ್ದು ಇತಿಹಾಸದ ವಿನೋದಗಳಲ್ಲಿ ಒಂದು.

ಆ ಕೊಂಕಣಿಗರ ಬೀದಿಯಲ್ಲಿ ನನಗೊಂದು ಅನುಭವವಾಯಿತು. ಹಪ್ಪಳ, ಉಪ್ಪಿನಕಾಯಿ ಮಾರುತ್ತಿದ್ದ ಒಬ್ಬ ವೃದ್ಧರು ನಾನು ಕರ್ನಾಟಕದವನೆಂದು ತಿಳಿದೊಡನೆ ಮುಖ ಅರಳಿಸಿ ಕೊಂಕಣಿಯಲ್ಲಿ ಮಾತಿಗೆ ತೊಡಗಿದರು. ನಾನು ಹುಟ್ಟಿ ಬೆಳೆದದ್ದು ಕುಮಟೆಯಲ್ಲಿ. ನಮ್ಮ ನೆರೆಮನೆಯವರು ಕೊಂಕಣಿಗರು. ಆದ್ದರಿಂದ ವೃದ್ಧರ ಮಾತಿನ ಧಾಟಿ ಬೇರೆಯಾದರೂ ಅರ್ಥವಾಯಿತು. ಅವರ ಮೂಲ ಯಾವುದೆಂದು ಕೇಳಿದೆ. ಗೋವೆ ಎಂದರು. ಬಂದು ಎಷ್ಟು ಕಾಲವಾಯಿತು ಎಂದೆ. “ನಾನೂರು ವರ್ಷ” ಎಂದರು, ಹೋದ ವರ್ಷ ಬಂದವರು ಹೇಳುವ ಹಾಗೆ. ಆಮೇಲೆ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು: ನನಗೆ ಎಲ್ಲವೂ ಅರ್ಥವಾಗುತ್ತಿರುವಾಗ ನಾನೇಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೇನೆ? ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷ ಬೇಲಿಯಾಚೆಯಿಂದ ಕಿವಿಗೆ ಬಿದ್ದ ಭಾಷೆಯ ಒಂದು ವಾಕ್ಯವನ್ನೂ ನನ್ನ ನಾಲಗೆ ಕಲಿತಿರಲಿಲ್ಲ.

ಕೊಚ್ಚಿಯ ನೆರೆಹೊರೆಯೂ ನಿಷ್ಕಳಂಕವೇನಲ್ಲ. 1653ರಲ್ಲಿ ಇಲ್ಲಿಯ ಸಿರಿಯನ್ ಕ್ರೈಸ್ತರು ಮಟ್ಟಾಂಚೇರಿಯ ಒಂದು ಶಿಲುಬೆಯ ಬಳಿ ಕೂಡಿ, ಜೆಸ್ವಿಟ್ ಪಾದ್ರಿಗಳ ಅಧೀನದಲ್ಲಿ ಇನ್ನಿರುವುದಿಲ್ಲವೆಂದು ಆಣೆಯಿಟ್ಟರು. ಡಚ್ಚರ ಪಕ್ಷ ವಹಿಸಿದರೆಂದು 1662ರಲ್ಲಿ ಪೋರ್ಚುಗೀಸರು ಯಹೂದಿಗಳ ಮಂದಿರಕ್ಕೆ ಬೆಂಕಿಯಿಟ್ಟರು. ಮರುವರ್ಷ ಗೆದ್ದ ಡಚ್ಚರು ಕ್ಯಾಥೊಲಿಕರ ಚರ್ಚುಗಳನ್ನು ಕೆಡವಿದರು. 1791ರಲ್ಲಿ ಆಶ್ರಯ ಕೊಟ್ಟ ರಾಜಮನೆತನದ ಕೈಯಿಂದಲೇ ಕೊಂಕಣಿಗ ವ್ಯಾಪಾರಿಗಳು ಹಿಂಸೆಗೆ ಗುರಿಯಾದರು. ಅವರು ತಮ್ಮ ದೇವರ ವಿಗ್ರಹವನ್ನೆತ್ತಿಕೊಂಡು ತಿರುವಾಂಕೂರಿಗೆ ಹೋಗಬೇಕಾಯಿತು. ನೆರೆಯವರಾಗಿ ಬಾಳುವುದು ಹೂವಿನ ಹಾದಿಯೆಂದು ಯಾರೂ ಭಾವಿಸಬೇಕಾಗಿಲ್ಲ. ಆದರೂ ಈ ತಿಕ್ಕಾಟದ ನಡುವೆ ಒಂದು ಅಪೂರ್ವ ಕೃತಿ ಹುಟ್ಟಿತು. ನನ್ನ ಮಟ್ಟಿಗೆ ಕೊಚ್ಚಿಯ ಅತ್ಯುತ್ತಮ ಸ್ಮಾರಕವೆಂದರೆ ಅರಮನೆಯೂ ಅಲ್ಲ, ಚರ್ಚೂ ಅಲ್ಲ, ಆ ಕೃತಿ.

‘ಹೋರ್ಟಸ್ ಮಲಬಾರಿಕಸ್’, ಎಂದರೆ ಮಲಬಾರದ ಉದ್ಯಾನ, ಎಂದು ಅದರ ಹೆಸರು. ಡಚ್ಚರ ಅಧಿಕಾರಿಯಾಗಿ ಕೊಚ್ಚಿಯಲ್ಲಿದ್ದ ವಾನ್ ರೀಡ್ ಎಂಬಾತ ಈ ನಾಡಿನ ಗಿಡಮೂಲಿಕೆಗಳನ್ನೆಲ್ಲ ಬರೆಸಬೇಕೆಂದು ಹೊರಟ. 1678ರಿಂದ 1693ರವರೆಗೆ ಆಮ್ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳು ಹೊರಬಂದವು. ಏಳುನೂರಕ್ಕೂ ಮಿಕ್ಕ ಸಸ್ಯಗಳ ವರ್ಣನೆ, ಅವುಗಳ ತಾಮ್ರಫಲಕದ ಚಿತ್ರಗಳು. ಮುಂದೆ ಸ್ವೀಡನ್ನಿನ ಲಿನೇಯಸ್ ಸಸ್ಯಗಳಿಗೆ ಹೆಸರಿಡುವಾಗ ಈ ಗ್ರಂಥವನ್ನು ಆಧಾರವಾಗಿ ಬಳಸಿದ. ಆದರೆ ಅದರ ವಿದ್ಯೆ ಯಾರದು? ಚೇರ್ತಲದ ಕಡೆಯ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನದು. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರದು. ಇಟ್ಟಿ ಅಚ್ಯುತನ್ ಮಲಯಾಳದಲ್ಲಿ ಹೇಳಿದ್ದನ್ನು ಕಾರ್ನೇರೊ ಎಂಬ ದುಭಾಷಿ ಪೋರ್ಚುಗೀಸಿಗೆ ತಂದ. ಕೊನೆಗೆ ಅದು ಲ್ಯಾಟಿನ್ನಿಗೆ ಸೇರಿತು. ಗಿಡಗಳ ಹೆಸರುಗಳು ರೋಮನ್, ಮಲಯಾಳ, ಅರಬ್ಬಿ, ನಾಗರೀ ಲಿಪಿಗಳಲ್ಲಿ ಚಿತ್ರಗಳ ಮೇಲೆ ಕೂಡಿವೆ. ಮೊದಲ ಸಂಪುಟದಲ್ಲಿ 1675ರ ಸಾಕ್ಷಿಪತ್ರಗಳಿವೆ. ಇಟ್ಟಿ ಅಚ್ಯುತನ್‌ನದು ಕೋಲೆಳುತ್ತು ಲಿಪಿಯಲ್ಲಿ, ಭಟ್ಟರದು ನಾಗರಿಯಲ್ಲಿ ಬರೆದ ಕೊಂಕಣಿಯಲ್ಲಿ. ತಾವು ತಿಳಿದದ್ದನ್ನು ಹೇಳಿದ್ದೇವೆಂದು ಅವರವರ ಲಿಪಿಯಲ್ಲಿ ಅವರವರ ರುಜುವಾತು.

ಈ ಸಾಕ್ಷಿಪತ್ರಗಳ ಪ್ರತಿಕೃತಿಯನ್ನು ಒಮ್ಮೆ ಗ್ರಂಥಾಲಯದಲ್ಲಿ ನೋಡುತ್ತಿದ್ದಾಗ ನನಗೆ ಕನ್ನಡದ ಒಂದು ಪದ ಹೊಳೆಯಿತು. ನಮ್ಮಲ್ಲಿ ಪಂಕ್ತಿ ಎಂದರೆ ಊಟಕ್ಕೆ ಕುಳಿತವರ ಸಾಲು. ಪಂಕ್ತಿ ಎಂದರೆ ಬರಹದ ಸಾಲೂ ಹೌದು. ಆ ಕಾಲದ ಕೇರಳದಲ್ಲಿ ಈಳವನೊಬ್ಬ ದೇವಾಲಯದ ಹತ್ತಿರ ಸುಳಿಯುವಂತಿರಲಿಲ್ಲ. ಬ್ರಾಹ್ಮಣನಿಂದ ದೂರ ನಿಲ್ಲಬೇಕಾಗಿತ್ತು. ಅನ್ನದ ಪಂಕ್ತಿಯಲ್ಲಿ ಎಂದೂ ಜೊತೆಗೆ ಕೂರಲಾರದ ಜನ ಅಕ್ಷರದ ಪಂಕ್ತಿಯಲ್ಲಿ ಜೊತೆಯಾಗಿ ಕುಳಿತರು. ವಾನ್ ರೀಡ್ ಧರ್ಮಾತ್ಮನೆಂದು ಇದರ ಅರ್ಥವಲ್ಲ. ಅವನದು ವ್ಯಾಪಾರದ ಕಂಪನಿ. ಆ ಕಂಪನಿ ಗುಲಾಮರನ್ನೂ ಮಾರುತ್ತಿತ್ತು. ಆದರೆ ಪರರ ವಿದ್ಯೆ ಬೇಕೆನಿಸಿದಾಗ, ಆ ವಿದ್ಯೆ ಯಾರದೆಂಬುದನ್ನು ಹೆಸರು ಹಿಡಿದು ಅಚ್ಚು ಹಾಕಿಸುವ ಪ್ರಾಮಾಣಿಕತೆ ಅವನಲ್ಲಿತ್ತು. ಸಂಸ್ಕೃತಿಗಳು ಕೂಡುವುದು ಬಹುಶಃ ಹೀಗೆಯೇ. ಒಬ್ಬರನ್ನೊಬ್ಬರು ಪ್ರೀತಿಸಿದ್ದರಿಂದಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ಬೇಕಾದದ್ದರಿಂದ, ಮತ್ತು ಅದನ್ನು ಮರೆಮಾಡದೆ ಒಪ್ಪಿಕೊಂಡದ್ದರಿಂದ.

ಅನ್ನದ ಪಂಕ್ತಿಯ ಕಟ್ಟು ಹೊರಗಿನವರಿಗೆ ಮಾತ್ರವಿರಲಿಲ್ಲ. ನೆಲಕ್ಕೆ ಚೀನದ ನೀಲಿ ಬಿಲ್ಲೆಗಳನ್ನು ಹಾಸಿ, ಮೇಲೆ ಗಾಜಿನ ದೀಪಗುಚ್ಛಗಳನ್ನು ತೂಗಿಬಿಟ್ಟ ಆ ಪರದೇಶಿ ಮಂದಿರದೊಳಗೆ ಬಿಡುಗಡೆ ಹೊಂದಿದ ಗುಲಾಮರ ವಂಶದ ಯಹೂದಿಗಳು ಎಲ್ಲರ ಜೊತೆಗೆ ಕೂರುವ ಹಾಗಿರಲಿಲ್ಲ. ಹೊರಮೊಗಸಾಲೆಯ ನೆಲವೇ ಅವರ ಪಾಲಿಗೆ. ಓಡಿಬಂದವರು ತಮ್ಮೊಳಗೇ ಕೆಲವರನ್ನು ಹೊರಗಿಟ್ಟರು. ಈ ದೇಶದ ಜಾತಿ ಅವರಿಗೂ ಬೇಗ ಅಂಟಿತು. ಅದೇ ವಂಶದಲ್ಲಿ 1882ರಲ್ಲಿ ಹುಟ್ಟಿದ ಎ. ಬಿ. ಸೇಲಂ ಕಾನೂನು ಓದಿ ವಕೀಲರಾದರು. ಗಾಂಧೀಜಿಯವರ ದಾರಿಯನ್ನು ದೇವರ ಮನೆಯೊಳಕ್ಕೇ ತಂದು, ಮಂದಿರದಲ್ಲಿ ಸತ್ಯಾಗ್ರಹ ಹೂಡಿದರು. ಬೆಂಚಿನ ಮೇಲೆ ಕೂರುವ ಹಕ್ಕಿಗಾಗಿ, ಧರ್ಮಗ್ರಂಥ ಓದುವ ಹಕ್ಕಿಗಾಗಿ ಅವರು ವರ್ಷಗಟ್ಟಲೆ ಹೋರಾಡಬೇಕಾಯಿತು. ಕಟ್ಟು ನಿಧಾನವಾಗಿ ಸಡಿಲಿತು. ಅವರಿಗೆ ‘ಯಹೂದಿ ಗಾಂಧಿ’ ಎಂಬ ಹೆಸರು ಬಂತು.

ಗಂಡಸರು ಮಂದಿರದಲ್ಲಿ ಪಂಕ್ತಿಭೇದ ನಡೆಸುತ್ತಿದ್ದಾಗ ಹೆಂಗಸರು ಬೇರೊಂದು ಕೆಲಸ ಮಾಡುತ್ತಿದ್ದರು. ಕೊಚ್ಚಿಯ ಯಹೂದಿ ಸ್ತ್ರೀಯರಿಗೆ ಮಲಯಾಳದಲ್ಲಿ ಹಾಡುಗಳ ದೊಡ್ಡ ಸಂಪತ್ತಿತ್ತು: ಮದುವೆಯ ಹಾಡು, ಬೈಬಲ್ಲಿನ ಕಥೆಯ ಹಾಡು, ಮಂದಿರ ಕಟ್ಟಿದ ಹಾಡು. ತಾಯಿಯಿಂದ ಮಗಳಿಗೆ, ಮಲಯಾಳ ಲಿಪಿಯ ಕೈಬರಹದ ಪುಸ್ತಕಗಳಲ್ಲಿ ಅವು ಬಂದವು. ಒಬ್ಬರ ಮಂದಿರದಲ್ಲಿ ಇನ್ನೊಬ್ಬರು ಸಲ್ಲದಿದ್ದರೂ ಎಷ್ಟೋ ಹಾಡುಗಳು ಪರದೇಶಿಗಳಲ್ಲೂ ಮಲಬಾರಿಗಳಲ್ಲೂ ಒಂದೇ. ಬಾಗಿಲು ಮುಚ್ಚಿದಲ್ಲಿ ಹಾಡು ಕಿಟಕಿಯಿಂದ ಹೋಗಿಬಂದಿತು ಎನ್ನೋಣ. ನಮ್ಮ ಬೀಸುವ ಕಲ್ಲಿನ ಪದಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1948ರಲ್ಲಿ ಇಸ್ರೇಲ್ ರಾಷ್ಟ್ರ ಹುಟ್ಟಿತು. ಮುಂದಿನ ವರ್ಷಗಳಲ್ಲಿ ಮಲಬಾರಿ ಯಹೂದಿಗಳು ಊರಿಗೆ ಊರೇ ಎದ್ದು ಹೊರಟರು. ಅವರ ವಲಸೆಯ ವಿಷಯ ಮಾತಾಡಲು 1950ರ ದಶಕದಲ್ಲಿ ಇಸ್ರೇಲಿಗೆ ಹೋದವರಲ್ಲಿ ಸೇಲಂ ಒಬ್ಬರು. ಆದರೆ ತಾವು ಕೊಚ್ಚಿಗೇ ಹಿಂತಿರುಗಿದರು. 1967ರಲ್ಲಿ ಅಲ್ಲಿಯೇ ತೀರಿಕೊಂಡರು. ಬೆಂಚಿಗಾಗಿ ಹೋರಾಡಿದವರು ಬೆಂಚನ್ನು ಬಿಟ್ಟುಹೋಗಲಿಲ್ಲ. 1968ರಲ್ಲಿ ಪರದೇಶಿ ಮಂದಿರದ ನಾನೂರನೆಯ ವರ್ಷದ ಉತ್ಸವ ನಡೆದಾಗ ಪ್ರಧಾನಿ ಇಂದಿರಾ ಗಾಂಧಿಯವರು ಬಂದಿದ್ದರು, ಅಂಚೆಚೀಟಿಯೂ ಹೊರಟಿತು. ಅದು ಹಬ್ಬವೂ ಹೌದು, ಒಂದು ಬಗೆಯ ಬೀಳ್ಕೊಡುಗೆಯೂ ಹೌದು. ಯಾರೂ ಅವರನ್ನು ಅಟ್ಟಲಿಲ್ಲ. ಈ ದೇಶದಲ್ಲಿ ತಮಗೆ ಪೀಡೆಯಾಯಿತೆಂದು ಅವರು ಹೇಳಲೂ ಇಲ್ಲ. ಹಳೆಯ ಒಂದು ಹಂಬಲದ ಬೆನ್ನು ಹತ್ತಿ ಹೋದರು.

ಯಹೂದಿಗಳಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಕೂಡಬೇಕೆಂದು ಸಂಪ್ರದಾಯ. 1983ರಲ್ಲಿ ನಾನು ಹೋದಾಗ ಬೀದಿಯಲ್ಲಿ ಇನ್ನೂ ಕೆಲವು ಮನೆಗಳಲ್ಲಿ ದೀಪವಿತ್ತು. ಕಿಟಕಿಯ ಬಳಿ ಕುಳಿತ ವೃದ್ಧೆಯರು ಹೋಗಿಬರುವವರನ್ನು ನೋಡುತ್ತಿದ್ದರು. ನಿವೃತ್ತನಾದ ಮೇಲೆ ಮತ್ತೊಮ್ಮೆ ಹೋದೆ. ಆ ಹೊತ್ತಿಗೆ ಪರದೇಶಿ ಯಹೂದಿಗಳು ಇಲ್ಲವೆನ್ನುವಷ್ಟೇ ಉಳಿದಿದ್ದರು. ಹತ್ತು ಮಂದಿ ಎಲ್ಲಿಂದ ಬರಬೇಕು? ನೀಲಿ ಬಿಲ್ಲೆಗಳು ಹಾಗೇ ಇವೆ, ದೀಪಗಳು ಹಾಗೇ ಇವೆ. 1760ರ ಸುಮಾರಿಗೆ ಎಜೆಕಿಯೆಲ್ ರಹಾಬಿ ಎಂಬ ವರ್ತಕ ಕಟ್ಟಿಸಿದ ಗಡಿಯಾರದ ಗೋಪುರ ಒಂದು ಮುಖದಲ್ಲಿ ಹೀಬ್ರೂ ಅಂಕಿ, ಇನ್ನೊಂದರಲ್ಲಿ ರೋಮನ್ ಅಂಕಿ ತೋರಿಸುತ್ತ ನಿಂತಿದೆ. ಬೀದಿಯ ತುಂಬ ಅಂಗಡಿಗಳು. ಹಳೆಯ ಬೀಗ, ಹಳೆಯ ಬಾಗಿಲು, ಹಳೆಯ ಪೆಟ್ಟಿಗೆ ಮಾರಾಟಕ್ಕಿವೆ. ಮನೆಗಳನ್ನು ಬಿಟ್ಟುಹೋದವರ ಬೀದಿಯಲ್ಲಿ ಬಾಗಿಲುಗಳನ್ನು ಮಾರುವುದನ್ನು ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಕಟ್ಟಡ ಉಳಿಯಿತಲ್ಲ ಎಂದು ಸಮಾಧಾನ ಪಡಬಹುದು. ಹಾಡುಗಳೂ ಉಳಿದಿವೆ, ವಿದ್ವಾಂಸರು ಅವನ್ನು ಕೂಡಿಸಿ ಅಚ್ಚು ಹಾಕಿಸಿದ್ದಾರೆ. ಹೋರ್ಟಸ್ ಗ್ರಂಥವನ್ನು ಪ್ರೊಫೆಸರ್ ಕೆ. ಎಸ್. ಮಣಿಲಾಲ್ ದಶಕಗಟ್ಟಲೆ ದುಡಿದು ಇಂಗ್ಲಿಷಿಗೆ ತಂದರು. 2003ರಲ್ಲಿ ಅದು ಹೊರಬಂತು. ಆದರೆ ನೆರೆಯವನು ಹೋದಾಗ ಹೋಗುವುದು ಕಟ್ಟಡವಲ್ಲ. ನಮ್ಮನ್ನು ಹೊರಗಿನಿಂದ ನೋಡಿ ಬಲ್ಲ ಒಂದು ಜೊತೆ ಕಣ್ಣು ಹೋಗುತ್ತದೆ. ನಮ್ಮ ಹಬ್ಬದ ಸದ್ದಿಗೆ ಕಿಟಕಿ ತೆರೆಯುವವರು, ನಮ್ಮ ಸೂತಕದ ದಿನ ತಮ್ಮ ಮನೆಯ ದನಿ ತಗ್ಗಿಸುವವರು ಇಲ್ಲವಾಗುತ್ತಾರೆ. ನಾವು ಇಂಥವರಾಗಿದ್ದೆವು ಎಂದು ಹೇಳಬಲ್ಲ ಸಾಕ್ಷಿ ಇಲ್ಲವಾಗುತ್ತದೆ.

ಪರದೇಶಿ ಎಂಬ ಪದಕ್ಕೆ ಕೊಚ್ಚಿಯಲ್ಲಿ ಹೊರನಾಡಿನವನೆಂದು ಅರ್ಥ. ನಮ್ಮ ಕನ್ನಡದಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಹಿಂದೆ ಮುಂದೆ ಯಾರೂ ಇಲ್ಲದವನನ್ನು ನಾವು ಪರದೇಶಿ ಎನ್ನುತ್ತೇವೆ. ಆ ಬೀದಿಯಲ್ಲಿ ನಿಂತಾಗ ನನಗೆ ಎರಡನೆಯ ಅರ್ಥವೇ ಕಿವಿಯಲ್ಲಿ ಮೊಳಗಿತು. ಹೊರಟುಹೋದವರು ಪರದೇಶಿಗಳಲ್ಲ, ಅವರು ಎಲ್ಲಿಯೋ ತಮ್ಮವರನ್ನು ಕೂಡಿಕೊಂಡರು. ಉಳಿದ ಬೀದಿಯೇ ಪರದೇಶಿಯಾಯಿತು.

ಅಲ್ಲಿಂದ ಹಿಂತಿರುಗಿದ ಮೇಲೆ ಒಮ್ಮೆ ಕುಮಟೆಗೆ ಹೋಗಿದ್ದೆ. ನಮ್ಮ ಹಳೆಯ ನೆರೆಮನೆಯಲ್ಲಿ ಈಗ ಬೇರೆಯವರಿದ್ದಾರೆ. ಆ ಮನೆಯ ಅಜ್ಜಿ ಸಂಜೆ ಜಗಲಿಯಲ್ಲಿ ಕುಳಿತು ಕೊಂಕಣಿಯಲ್ಲಿ ಹಾಡಿಕೊಳ್ಳುತ್ತಿದ್ದ ಹಾಡಿನ ಧಾಟಿ ನನಗೆ ಇನ್ನೂ ನೆನಪಿದೆ, ಮಾತುಗಳು ನೆನಪಿಲ್ಲ. ಅವರು ಇದ್ದಾಗ ಕೇಳಬಹುದಾಗಿತ್ತು. ಕೇಳಿದ್ದರೆ ಸಂತೋಷದಿಂದ ಹೇಳಿಕೊಡುತ್ತಿದ್ದರು. ಈಗ ಬೇಲಿ ಇದೆ, ಜಗಲಿ ಇದೆ. ಕೇಳುವುದಕ್ಕೆ ಮನಸ್ಸೂ ಇದೆ.